ಜ್ವರದ ಹೆಳವ

ಘಟಪ್ರಭಾ ವಿಶ್ವವಿದ್ಯಾಲಯಕ್ಕೆ ಫ್ಲೂ ಬಂದದ್ದು ಸುದ್ದಿಯೇನಲ್ಲ. ಮಳೆ ನಿಂತು ಚಳಿ ಕಾಲಿಡುವ ಹೊತ್ತಿಗೆ ಅದು ಪ್ರತಿವರ್ಷ ಬರುತ್ತಿತ್ತು. ಹಾಸ್ಟೆಲಿನ ಒಂದಷ್ಟು ಕೋಣೆಗಳಲ್ಲಿ ಕೆಮ್ಮಿಸಿ, ಒಂದೆರಡು ಕ್ಲಾಸು ಖಾಲಿ ಮಾಡಿಸಿ, ಬಂದ ಹಾಗೆಯೇ ಹೋಗಿಬಿಡುತ್ತಿತ್ತು. ಆ ವರ್ಷದ ಸುದ್ದಿ ಬೇರೆ. ಆ ವರ್ಷ ಯಾರ ಜ್ವರ ಯಾರಿಂದ ಬಂತು ಎಂಬುದು ಹೆಸರು ಸಮೇತ ಗೊತ್ತಾಗತೊಡಗಿತು.

ಗೊತ್ತುಮಾಡಿದ್ದು ಸೂಕ್ಷ್ಮಜೀವಿ ವಿಜ್ಞಾನ ವಿಭಾಗದ ಪ್ರಯೋಗಾಲಯದಲ್ಲಿದ್ದ, ಮನೆಯ ತಿಜೋರಿಯಷ್ಟು ಎತ್ತರದ ಒಂದು ಯಂತ್ರ. ಅದನ್ನು ಕಟ್ಟಿದವಳು ವಿಭಾಗದ ಮುಖ್ಯಸ್ಥೆ ಡಾ. ಸುಗಂಧಾ ಹಲಗತ್ತಿ. ಕಾಗದದ ಮೇಲೆ ಅದರ ಹೆಸರು ‘ಸೋಂಕು ವಂಶಾನುಕ್ರಮ ವಿಶ್ಲೇಷಕ’. ಇಷ್ಟುದ್ದದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಜ್ವರವೇ ಇಳಿದುಹೋದೀತು ಎಂದು, ಯಂತ್ರದ ಲೆಕ್ಕಾಚಾರ ಬರೆದುಕೊಟ್ಟ ಕಂಪ್ಯೂಟರ್ ವಿಭಾಗದ ಡಾ. ಮೌಲಾಲಿ ನದಾಫ ಅದನ್ನು ‘ಹೆಳವ’ ಎಂದು ಕರೆದ. ಹೆಸರು ಅಂಟಿಕೊಂಡಿತು. ಬಾಗಲಕೋಟೆ ಕಡೆಯವರಿಗೆ ಹೆಳವರ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರಿಗೆ ಬಂದು, ಮನೆಯ ಮುಂದೆ ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹಾಡಿನಂತೆ ಒಪ್ಪಿಸಿ, ಕಾಳುಕಡ್ಡಿ ಪಡೆದು ಮುಂದಿನ ಮನೆಗೆ ಹೋಗುವವರು ಹೆಳವರು. ಈ ಯಂತ್ರ ಒಪ್ಪಿಸುತ್ತಿದ್ದದ್ದು ಜ್ವರದ ವಂಶವನ್ನು.

ಅದರ ಗುಟ್ಟನ್ನು ಹೇಳುವಾಗ ಸುಗಂಧಾ ಪರೀಕ್ಷೆಯ ನಕಲಿನ ಉದಾಹರಣೆ ಕೊಡುತ್ತಿದ್ದಳು. ಹತ್ತು ಹುಡುಗರು ಸರಿಯುತ್ತರ ಬರೆದರೆ ಯಾರು ಯಾರದನ್ನು ನೋಡಿ ಬರೆದರೆಂದು ಹೇಳಲಾಗದು. ಆದರೆ ಒಬ್ಬ ಹೃದಯಕ್ಕೆ ಐದು ಕೋಣೆ ಎಂದು ಬರೆದಿದ್ದಾನೆ. ಹಿಂದೆ ಕೂತವನೂ ಐದೇ ಎಂದು ಬರೆದು ತನ್ನದೊಂದು ಹೊಸ ತಪ್ಪು ಸೇರಿಸಿದ್ದಾನೆ. ಮೂರನೆಯವನ ಉತ್ತರದಲ್ಲಿ ಆ ಎರಡೂ ತಪ್ಪುಗಳಿವೆ. ಈಗ ನಕಲು ಯಾವ ಬೆಂಚಿನಿಂದ ಯಾವ ಬೆಂಚಿಗೆ ನಡೆಯಿತೆಂದು ಯಾವ ಮೇಷ್ಟ್ರಾದರೂ ಹೇಳಬಲ್ಲರು. ಫ್ಲೂ ವೈರಸ್ಸೂ ಮೈಯಿಂದ ಮೈಗೆ ತನ್ನ ನಕಲು ಮಾಡಿಕೊಳ್ಳುತ್ತ ಹೋಗುತ್ತದೆ. ಅವಸರದ ನಕಲಾದ್ದರಿಂದ ಅಲ್ಲಲ್ಲಿ ತಪ್ಪುತ್ತದೆ. ಹಳೆಯ ಯಂತ್ರಗಳ ಕಣ್ಣಿಗೆ ದೊಡ್ಡ ತಪ್ಪುಗಳಷ್ಟೇ ಬೀಳುತ್ತಿದ್ದವು. ಹೆಳವ ಮೂಗಿನ ಒಂದು ಹನಿಯಲ್ಲಿರುವ ಲಕ್ಷಾಂತರ ನಕಲುಗಳನ್ನು ಒಂದೊಂದಾಗಿ ಓದಿ, ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ, ಇದು ಇಂಥವರಿಂದ ಬಂದದ್ದು ಎಂದು ತೆರೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು.

ಯಂತ್ರದ ಉದ್ಘಾಟನೆ ಮುಗಿದ ವಾರದಲ್ಲೇ ಜ್ವರ ಬಂತು. ಕುಲಪತಿ ಡಾ. ಅಮರಗೋಳ ಅವರು ಇದನ್ನು ಶುಭಶಕುನವೆಂದೇ ತಿಳಿದರು. ಮುಂದಿನ ತಿಂಗಳು ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ ಬರುವುದಿತ್ತು; ಅಷ್ಟರಲ್ಲಿ ಯಂತ್ರದ ಕೆಲಸ ತೋರಿಸಬಹುದಲ್ಲ. ರಜೆ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸೋಣ ಎಂದವರಿಗೆ ಅವರು, “ನೆಗಡಿ ಬಂತಂತ ಮೂಗು ಕೊಯ್ಕೊಳ್ಳಾಕ ಆಗ್ತದೇನ್ರಿ?” ಎಂದರು. ಹಾಗೆಂದು ಕೈಕಟ್ಟಿ ಕೂರಲಿಲ್ಲ. ಮೆಸ್ಸಿನಲ್ಲಿ ಊಟ ಮೂರು ಪಂಕ್ತಿಯಾಯಿತು. ಹಳೆಯ ಅತಿಥಿಗೃಹ ಜ್ವರದವರ ಮನೆಯಾಯಿತು. ಗ್ರಂಥಾಲಯದ ಕಿಟಕಿಗಳನ್ನು ತೆರೆಯಲು ಹೋದಾಗ ಅರ್ಧಕ್ಕರ್ಧ ತುಕ್ಕು ಹಿಡಿದು ಕೂತಿದ್ದವು. ಬಡಗಿಯನ್ನು ಕರೆಸಿ ತೆರೆಸಿದರು. ಹಾಸ್ಟೆಲಿನ ಪ್ರತಿಯೊಬ್ಬರ ಮೂಗಿನಿಂದಲೂ ಮಾದರಿ ತೆಗೆದದ್ದಾಯಿತು. ಅಧ್ಯಾಪಕರದ್ದೂ ತೆಗೆಯಬೇಕೆಂದು ಸುಗಂಧಾ ಟಿಪ್ಪಣಿ ಬರೆದಿದ್ದಳು. ಕುಲಸಚಿವ ವೆಂಕಣ್ಣ ದೇಸಾಯರು ಅದನ್ನು ಓದಿ ನಕ್ಕರು.

“ಮೇಡಂ, ಹುಡುಗರ ಮುಂದ ಗುರುಗಳ ಮೂಗಿಗಿ ಕಡ್ಡಿ ಹಾಕೂದು ಚಂದ ಕಾಣಂಗಿಲ್ಲ. ನಾವು ಮಾಸ್ಕ್ ಹಾಕ್ಕೊಂತೀವಲ್ಲ, ಸಾಕು.”

ಸುಗಂಧಾ ಒತ್ತಾಯ ಮಾಡಲಿಲ್ಲ. ಅವಳಿಗೂ ಗಂಟಲಲ್ಲಿ ಎರಡು ದಿನದಿಂದ ಕೆರೆತವಿತ್ತು. ಉದ್ಘಾಟನೆಗೆಂದು ಪ್ರಯೋಗಾಲಯದ ಧೂಳು ಹೊಡೆಸಿದ್ದರ ಫಲ ಎಂದುಕೊಂಡಿದ್ದಳು.

ಯಾರ ಜ್ವರ ಯಾರಿಂದ ಎಂಬುದನ್ನು ವಿದ್ಯಾರ್ಥಿಗಳ ಮೊಬೈಲಿಗೇ ಕಳಿಸುವುದೆಂದು ತೀರ್ಮಾನವಾಗಿತ್ತು. ಗೊತ್ತಾದರೆ ದೂರ ಇರುತ್ತಾರೆ, ಸರಪಳಿ ತುಂಡಾಗುತ್ತದೆ ಎಂಬುದು ಸುಗಂಧಾಳ ವಾದ. ಸರಪಳಿ ತುಂಡಾಗುವ ಮೊದಲು ಬೇರೇನೇನೋ ತುಂಡಾದವು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಗೆಳೆಯರು ಮಾತು ಬಿಟ್ಟರು. ಅಜ್ಜಿಯ ತಿಥಿಗೆಂದು ಇಳಕಲ್ಲಿಗೆ ಹೋಗಿದ್ದೆನೆಂದು ಹೇಳಿದ್ದ ಅರ್ಥಶಾಸ್ತ್ರದ ಹುಡುಗನ ಜ್ವರ ಸಂಗೀತ ವಿಭಾಗದ ಹುಡುಗಿಯೊಬ್ಬಳಿಂದ ಬಂದದ್ದೆಂದು ಹೆಳವ ಹೇಳಿತು. ಆಕೆ ಆ ದಿನ ಬಾದಾಮಿ ನೋಡಲು ಹೋಗಿದ್ದಳೆಂದು ಅವಳ ಕೋಣೆಯವರು ಹೇಳಿದರು. ಅಜ್ಜಿ ಎಲ್ಲಿ ಸತ್ತಳೆಂದು ವಾರ್ಡನ್ ಇಬ್ಬರನ್ನೂ ಕರೆದು ವಿಚಾರಿಸಿದರು.

ಆದರೆ ಹುಡುಗರು ಹುಡುಗರೇ. ನಾಲ್ಕು ದಿನ ಜಗಳಾಡಿದ ಮೇಲೆ ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಜ್ವರ ಕೊಟ್ಟವರು, ತಾವು ಗುಣವಾದ ಮೇಲೆ, ಜ್ವರ ತಗೊಂಡವರಿಗೆ ಬಿಸಿನೀರು, ಗಂಜಿ ಮುಟ್ಟಿಸಬೇಕು. ಕೊಟ್ಟವರಿಗೆ ‘ಅಪ್ಪ’, ‘ಅವ್ವ’ ಎಂದೂ ಅವರಿಗೆ ಕೊಟ್ಟವರಿಗೆ ‘ಅಜ್ಜ’, ‘ಅಜ್ಜಿ’ ಎಂದೂ ಕರೆಯತೊಡಗಿದರು. ಅತಿಥಿಗೃಹದ ಮೆಟ್ಟಿಲ ಮೇಲೆ ಗಂಜಿಯ ಡಬ್ಬಿ ಇಟ್ಟು, “ಮಗನ, ಉಣ್ಣು ಬಾ” ಎಂದು ಕೂಗುವವರನ್ನು ಕಂಡು ಸುಗಂಧಾ ಮೊದಲ ಸಲ ತನ್ನ ಯಂತ್ರದ ಬಗ್ಗೆ ಸಮಾಧಾನಪಟ್ಟಳು.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಗೆರೆಗಳೆಲ್ಲ ಹಿಂದಕ್ಕೆ ಹಿಂದಕ್ಕೆ ಹೋಗಿ ಕಡೆಗೆ ಒಂದೇ ಹೆಸರಿಗೆ ಬಂದು ನಿಂತವು: ಕಸ್ತೂರಿ ಬಿಸನಾಳ.

ಕಸ್ತೂರಿ ಸುಗಂಧಾಳ ವಿಭಾಗದವಳೇ, ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ಹುನಗುಂದದ ಆಚೆಯ ಹಳ್ಳಿಯವಳು. ಮುಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ಬರೆದುಕೊಳ್ಳುವ, ಹೆಸರು ಕೂಗಿದರೆ ಎದ್ದು ನಿಲ್ಲುವ ಹುಡುಗಿ. ಅವಳಿಂದ ನೇರವಾಗಿ ಏಳು ಜನರಿಗೆ ಜ್ವರ ಹೋಗಿತ್ತು. ಆ ಏಳು ಜನರೂ ಬೇರೆ ಬೇರೆ ವಿಭಾಗದವರು, ಅವರಲ್ಲಿ ಐವರು ಹುಡುಗರು. ಬಾಯಿಗೆ ಬೀಗ ಇಲ್ಲದವರಿಗೆ ಇಷ್ಟು ಸಾಲದೇ? “ಊರೆಲ್ಲ ತಿರಗ್ಯಾಳ” ಎಂದರು. ‘ಜ್ವರದವ್ವ’ ಎಂದು ಅವಳ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಅವಳಿಗಂತೂ ಗಂಜಿ ತರಲು ಯಾರೂ ಇರಲಿಲ್ಲ; ಅವಳಿಗೆ ಜ್ವರ ಕೊಟ್ಟವರು ವಿಶ್ವವಿದ್ಯಾಲಯದಲ್ಲಿ ಇರಲಿಲ್ಲವಲ್ಲ.

ಕುಲಸಚಿವರ ಕಚೇರಿಯಿಂದ ಆದೇಶ ಹೊರಟಿತು. ಜ್ವರವಿದ್ದೂ ಅದನ್ನು ಲೆಕ್ಕಿಸದೆ ಆವರಣದಲ್ಲಿ ಓಡಾಡಿ ಸೋಂಕು ಹಬ್ಬಿಸಿದ ಕಾರಣಕ್ಕೆ ಕಸ್ತೂರಿ ಈ ಸಲದ ಪರೀಕ್ಷೆಗೆ ಕೂರುವಂತಿಲ್ಲ, ಜ್ವರ ಇಳಿದ ಕೂಡಲೇ ಹಾಸ್ಟೆಲ್ ಖಾಲಿ ಮಾಡಬೇಕು. ಜ್ವರ ನಿಭಾಯಿಸಲೆಂದು ಕುಲಪತಿಗಳು ಮಾಡಿದ್ದ ಸಮಿತಿಯ ಸಭೆಯಲ್ಲಿ ಒಪ್ಪಿಗೆಯಾದರೆ ಆದೇಶ ಖಾಯಂ. ಓದು ಅಲ್ಲಿಗೆ ಮುಗಿಯಿತು. ಹಾಸ್ಟೆಲಿಲ್ಲದೆ ಮತ್ತೊಂದು ವರ್ಷ ಓದಿಸುವ ಮನೆಯಲ್ಲ ಅವಳದು, ಮದುವೆ ಮಾಡಿ ಕಳಿಸುವ ಮನೆ.

ಆದೇಶದ ಪ್ರತಿ ಸುಗಂಧಾಳ ಮೇಜಿಗೂ ಬಂತು. ಅವಳಿಗೆ ಹುಡುಗಿಯ ಮೇಲೆ ಸಿಟ್ಟು ಬಂದಿತ್ತು. ಸೂಕ್ಷ್ಮಜೀವಿಗಳನ್ನೇ ಓದುವವಳು ಜ್ವರ ಹೊತ್ತುಕೊಂಡು ತಿರುಗುವುದೆಂದರೇನು? ಬೇರೆ ವಿಭಾಗದವರು ನಗುತ್ತಿದ್ದಾರೆಂಬ ನಾಚಿಕೆಯೂ ಸಿಟ್ಟಿನೊಳಗೆ ಸೇರಿತ್ತು. ಆದೇಶಕ್ಕೆ ತನ್ನ ತಕರಾರಿಲ್ಲವೆಂದು ಬರೆದು ಕಳಿಸಿಬಿಟ್ಟಳು.

ಆ ಸಂಜೆ ಅತ್ತೆ ಮಲಗಿದರು.

ಅತ್ತೆ ನೀಲವ್ವನಿಗೆ ಎಂಬತ್ತು ಸಮೀಪಿಸಿತ್ತು. ಮಗ ಆಲಮಟ್ಟಿಯಲ್ಲಿ ಎಂಜಿನಿಯರ್, ಶನಿವಾರಕ್ಕೊಮ್ಮೆ ಬರುವವನು. ಆದ್ದರಿಂದ ಕ್ವಾರ್ಟರ್ಸಿನ ಆ ಮನೆ ಅತ್ತೆ ಸೊಸೆಯರದೇ ಸಂಸ್ಥಾನ. ಇಬ್ಬರೂ ಮಾತಿನಲ್ಲಿ ಒಬ್ಬರಿಗೊಬ್ಬರು ಸೋಲುತ್ತಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುತ್ತಲೂ ಇರಲಿಲ್ಲ. ಅಂದು ನೀಲವ್ವ ರೊಟ್ಟಿ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿ ಸುಗಂಧಾ ಹಣೆ ಮುಟ್ಟಿದಳು. ಮೈ ಸುಡುತ್ತಿತ್ತು. ಪೇಟೆಯ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಎದೆಯ ಚಿತ್ರ ನೋಡಿ, ಎಡಗಡೆ ಕಫ ಕಟ್ಟಿದೆ, ಈ ವಯಸ್ಸಿಗೆ ಇದು ಹಗುರವಲ್ಲ ಎಂದು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿದರು.

ಮರುದಿನ ಸ್ವಲ್ಪ ಗೆಲುವಾದ ಮೇಲೆ ನೀಲವ್ವ ಕೇಳಿದ ಮೊದಲ ಮಾತು, “ಯಾರ ಕೊಟ್ರವ್ವ ನನಗಿದು? ನಿನ್ನ ಹೆಳವನ್ನ ಕೇಳು.”

“ಭಜನಿಗಿ ಹೋಗಿದ್ರಲ್ಲ ಅತ್ತಿ, ಅಲ್ಲೇ ಯಾರರೆ ಕೊಟ್ಟಿರ್ತಾರ.”

“ಆ ಶಾಂತವ್ವನ ಇರಬೇಕು. ಒಂದ ಸವನ ಕೆಮ್ಮತಿದ್ಲು. ಗೊತ್ತ ಮಾಡಿ ಹೇಳು, ಆಕಿಗಿ ನಾ ಹೇಳೂದೈತಿ.”

ಸುಗಂಧಾ ಅತ್ತೆಯ ಮಾದರಿಯ ಒಂದು ಹನಿಯನ್ನು ಪ್ರಯೋಗಾಲಯಕ್ಕೆ ತಂದಳು. ಭಜನೆಯ ಶಾಂತವ್ವನ ಮಾದರಿ ಇಲ್ಲವಾದ್ದರಿಂದ ಹೆಳವ ಏನೂ ಹೇಳಲಾರದು ಎಂದುಕೊಂಡಿದ್ದಳು. ಹೆಳವ ಹೇಳಿತು. ತೆರೆಯ ಮೇಲೆ ಕಸ್ತೂರಿಯ ಹೆಸರಿನಿಂದ ಎಂಟನೆಯ ಗೆರೆಯೊಂದು ಹೊರಟು, ನಡುವೆ ಒಂದು ಖಾಲಿ ಚೌಕ ದಾಟಿ, ನೀಲವ್ವನಿಗೆ ಬಂದು ನಿಂತಿತು.

ನದಾಫ ತೆರೆಯ ಹತ್ತಿರ ಬಗ್ಗಿದ.

“ನಡುವ ಒಬ್ರು ಅದಾರ್ರಿ ಮೇಡಂ. ಕಸ್ತೂರಿ ಕಡಿಂದ ಅವರಿಗಿ, ಅವರ ಕಡಿಂದ ನಿಮ್ಮ ಅತ್ತಿಯವರಿಗಿ. ಅವರ ಮಾದರಿ ನಮ್ಮ ಹತ್ತರ ಇಲ್ಲ.”

ಅತ್ತೆ ಕಸ್ತೂರಿಯನ್ನು ಕಂಡವರಲ್ಲ. ವಿಶ್ವವಿದ್ಯಾಲಯಕ್ಕೂ ಅತ್ತೆಯ ಹಾಸಿಗೆಗೂ ನಡುವೆ ದಿನಾ ಓಡಾಡುತ್ತಿದ್ದವಳು ಒಬ್ಬಳೇ. ಡ್ರಾಯರಿನಿಂದ ಹತ್ತಿಯ ಕಡ್ಡಿ ತೆಗೆದು, ನದಾಫನ ಕಡೆ ಬೆನ್ನು ತಿರುಗಿಸಿ, ತನ್ನ ಮೂಗಿನಲ್ಲಿ ತಿರುವಿ ಅವನ ಕೈಗೆ ಕೊಟ್ಟಳು. ಕ್ಯಾಂಟೀನಿಗೆ ಹೋಗಲಿಲ್ಲ, ಯಂತ್ರದ ಮುಂದೆಯೇ ಸ್ಟೂಲಿನ ಮೇಲೆ ಕೂತಳು. ಖಾಲಿ ಚೌಕದಲ್ಲಿ ಅವಳ ಹೆಸರು ಬಂತು.

ಅವಳಿಗೆ ಮೊದಲು ಅನಿಸಿದ್ದು ಹೆದರಿಕೆ. ಅತ್ತೆಗೆ ಏನಾದರೂ ಆಗಿದ್ದರೆ ತಾನು ಈ ತೆರೆಯನ್ನು ಹೇಗೆ ನೋಡುತ್ತಿದ್ದೆ ಎಂಬ ಹೆದರಿಕೆ. ಆಮೇಲೆ ಒಂದು ಪ್ರಶ್ನೆ ಎದ್ದಿತು. ಉದ್ಘಾಟನೆಯ ವಾರ ಕಸ್ತೂರಿ ಕ್ಲಾಸಿಗೇ ಬಂದಿರಲಿಲ್ಲ, ರಜೆಯಲ್ಲಿದ್ದಳು. ತನಗೆ ಎಲ್ಲಿ ಸಿಕ್ಕಳು?

ಪ್ರಶ್ನೆ ಕೇಳಲು ಅತಿಥಿಗೃಹಕ್ಕೇ ಹೋದಳು. ಜ್ವರದವರನ್ನು ಕಿಟಕಿಯ ಹೊರಗಿನಿಂದ ಮಾತಾಡಿಸಬೇಕೆಂಬ ಕಟ್ಟಳೆಯಿತ್ತು. ಬೇವಿನ ಗಿಡದ ಕೆಳಗೆ ನಿಂತು ಕರೆದಾಗ ಕಸ್ತೂರಿ ಶಾಲು ಹೊದ್ದು ಕಿಟಕಿಗೆ ಬಂದಳು. ಮುಖ ಬಾಡಿ ಇಷ್ಟಾಗಿತ್ತು. ಮರುಕಳಿಸಿದ್ದ ಜ್ವರ ಹೆಚ್ಚುಕಡಿಮೆ ಇಳಿದಿತ್ತು. ಬೇರೆ ಯಾರಿಗಾದರೂ ಅದು ಸಂತೋಷದ ಸಂಗತಿಯಾಗುತ್ತಿತ್ತು.

“ಯಾಕವಾ ಕಸ್ತೂರಿ, ಜ್ವರ ಇದ್ದಾಗ ನೀ ನನಗ ಎಲ್ಲಿ ಸಿಕ್ಕಿದ್ದಿ?”

“ನಿಮ್ಮ ಚೇಂಬರಿನ್ಯಾಗ್ರಿ ಮೇಡಂ. ಸಹಿ ತಗೊಳ್ಳಾಕ ಬಂದಿದ್ನಲ್ರಿ.”

“ಯಾವ ಸಹಿ?”

“ಜ್ವರದ ರಜಾದ್ದು.” ಹುಡುಗಿ ಶಾಲು ಬಿಗಿದುಕೊಂಡಳು. “ಊರಾಗ ಮಲಗಿದ್ನಿರಿ. ಅಕ್ಕನ ಬಾಣಂತನಕ್ಕ ಹೋದಾಗ ಅಕ್ಕನ ಕೂಸಿಗಿ ಮೊದಲ ಬಂದಿತ್ತು, ಆಮ್ಯಾಲ ನನಗ. ನಿಮಗ ಫೋನ್ ಮಾಡಿದ್ನಿ. ಅರ್ಜಿ ಮೊಬೈಲಿಗಿ ಕಳಸ್ತೀನ್ರಿ ಅಂದ್ನಿ. ನೀವ ಬಾ ಅಂದ್ರಿ.”

ಸುಗಂಧಾಳಿಗೆ ನೆನಪಾಯಿತು. ಉದ್ಘಾಟನೆಯ ಹಿಂದಿನ ದಿನ. ದೀಪದ ಕಂಬ ಎಲ್ಲಿಡಬೇಕೆಂದು ಹೇಳುತ್ತ ಒಂದು ಕಿವಿಯಲ್ಲಿ ಫೋನ್ ಹಿಡಿದಿದ್ದಳು. ಯಾರ ದನಿಯೆಂದು ಗಮನಿಸಿರಲೂ ಇಲ್ಲ. “ಮೊಬೈಲಿಗಿ ಕಳಸಿದ್ರ ನಡ್ಯಂಗಿಲ್ಲವಾ. ಖುದ್ದಾಗಿ ಬಂದು ಸಹಿ ತಗೋಬೇಕು. ಎಲ್ಲಾರಿಗೂ ಒಂದ ನಿಯಮ,” ಎಂದಿದ್ದಳು. ಮರುದಿನ ಯಾವುದೋ ಕೈ ಮೇಜಿನ ಮೇಲೆ ಅರ್ಜಿ ಇಟ್ಟಿತ್ತು. ಅದರ ಹಿಂದೆ ಒಂದು ಕೆಮ್ಮು. ತಲೆಯೆತ್ತದೆ ಸಹಿ ಮಾಡಿದ್ದಳು.

“ಸಹಿ ಆದ ಮ್ಯಾಲ ಊರಿಗಿ ಹೋಗಬೇಕಿಲ್ಲೊ?”

“ನಿಮ್ಮ ಸಹಿ ಆದ ಮ್ಯಾಲ ಆರೋಗ್ಯ ಕೇಂದ್ರದ ಶಿಕ್ಕಾ, ಆಮ್ಯಾಲ ವಿದ್ಯಾರ್ಥಿ ಕಲ್ಯಾಣ ಆಫೀಸಿನ್ಯಾಗ ಇನ್ನೊಂದು ಸಹಿರಿ. ಸಾಹೇಬ್ರು ನಿಮ್ಮ ಉದ್ಘಾಟನಿಗಿ ಬಂದಿದ್ರು. ಬರೂತನಕಾ ಬೆಂಚಿನ ಮ್ಯಾಲ ಕುಂತಿದ್ನಿ. ನಮ್ಮೂರ ಬಸ್ ಹೋಗಿಬಿಡ್ತು. ಹಾಸ್ಟೆಲಿನ್ಯಾಗ ಉಳಕೊಂಡ್ನಿ.”

ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಮೌಖಿಕ ಪರೀಕ್ಷೆಯಲ್ಲಿ ಹೇಳುವ ಹಾಗೆ. ಸುಗಂಧಾಳಿಗೆ ಅದೇ ತಡೆಯಲಾಗಲಿಲ್ಲ.

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ರಿ. ಮೂಲ ನೀನ ಏನು ಅಂತ ಕೇಳಿದ್ರು. ಯಂತ್ರ ಹೌದು ಅಂದಿತ್ತು. ಹೌದು ಅಂದ್ನಿ.”

ಪ್ರಯೋಗಾಲಯಕ್ಕೆ ನಡೆದು ಬರುವಾಗ ಸುಗಂಧಾಳಿಗೆ ತವರಿನ ಕಟ್ಟೆ ಕಣ್ಣ ಮುಂದೆ ಬಂತು. ಚಿಕ್ಕವಳಿದ್ದಾಗ ಬರುತ್ತಿದ್ದ ಹೆಳವ ಎಂದೂ ಹೆಸರಿನಿಂದ ಶುರು ಮಾಡುತ್ತಿರಲಿಲ್ಲ. ಮೊದಲು ಊರು ಹೇಳುತ್ತಿದ್ದ. ನಿಮ್ಮ ಮೂಲ ಇಂಥ ಊರು, ಅಲ್ಲಿ ಬಾವಿ ಬತ್ತಿತು, ಇಲ್ಲವೇ ಗೌಡನ ಕಾಟ ಹೆಚ್ಚಾಯಿತು, ಅದಕ್ಕೆ ಊರು ಬಿಟ್ಟಿರಿ, ಇಲ್ಲಿಗೆ ಬಂದಿರಿ. ಎಲ್ಲಿಂದ, ಯಾಕೆ, ಎಂದು ಹೇಳಿದ ಮೇಲಷ್ಟೇ ಯಾರು ಎಂಬುದು. ತನ್ನ ಹೆಳವ ಬರೀ ಹೆಸರು ಕಲಿತಿತ್ತು. ಕಲಿಸಿದವಳು ತಾನೇ.

“ನದಾಫ, ಆ ಏಳೂ ಮಂದಿಗಿ ಫೋನ್ ಮಾಡೂಣು,” ಎಂದಳು. “ಒಂದ ಪ್ರಶ್ನಿ. ಉದ್ಘಾಟನಿ ದಿವಸ ಎಲ್ಲಿ ಕುಂತಿದ್ರಿ?”

ಏಳು ಜನರದೂ ಒಂದೇ ಉತ್ತರ. ವಿದ್ಯಾರ್ಥಿ ಕಲ್ಯಾಣ ಕಚೇರಿಯ ಹೊರಗಿನ ಬೆಂಚು. ಒಬ್ಬನಿಗೆ ಕಾಲು ಉಳುಕಿತ್ತು, ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಕಣ್ಣು ಬಂದಿತ್ತು. ಎಲ್ಲರೂ ರಜೆಯ ಅರ್ಜಿ ಹಿಡಿದು, ಉದ್ಘಾಟನೆಗೆ ಹೋದ ಸಾಹೇಬರು ಬರಲೆಂದು, ಕಿಟಕಿಯಿಲ್ಲದ ಆ ಕಾರಿಡಾರಿನಲ್ಲಿ ಮೈಗೆ ಮೈ ತಾಗಿಸಿ ಕೂತವರು. ಕಾಲು ಉಳುಕಿದವನು ಕುಂಟುತ್ತ ಬಂದು ಜ್ವರವನ್ನೂ ಹೊತ್ತುಕೊಂಡು ಹೋಗಿದ್ದ.

“ಊರ ತಿರಗ್ಯಾಳ ಅಂದ್ರಲ್ರಿ ಎಲ್ಲಾರು,” ಎಂದ ನದಾಫ. “ಆಕಿ ಬೆಂಚ್ ಬಿಟ್ಟು ಎದ್ದಿಲ್ಲ.”

ಸಂಜೆ ಆಸ್ಪತ್ರೆಯಲ್ಲಿ ನೀಲವ್ವ ಸೊಸೆಯ ಮುಖ ನೋಡಿಯೇ ಏನೋ ಇದೆಯೆಂದು ಹಿಡಿದರು.

“ಶಾಂತವ್ವ ಅಲ್ಲ ಹೌದಿಲ್ಲೊ?”

“ಅಲ್ರಿ ಅತ್ತಿ. ನಾನ.”

ನೀಲವ್ವ ಮೂಗಿನ ಕೊಳವೆ ಸರಿಮಾಡಿಕೊಂಡು ಹೇಳಿದರು, “ಇಪ್ಪತ್ತು ವರ್ಷ ಆತು, ಸೊಸಿ ನನಗ ಏನೂ ಕೊಡ್ಲಿಲ್ಲ ಅಂತಿದ್ನಿ. ಇನ್ನ ಅನ್ನಂಗಿಲ್ಲ ಬಿಡು.”

ಸುಗಂಧಾಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು. ಅತ್ತೆಯ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಹುಡುಗಿ, ಫೋನು, ಬೆಂಚು, ಆದೇಶ, ತಕರಾರಿಲ್ಲವೆಂದು ತಾನು ಬರೆದುಕೊಟ್ಟದ್ದು. ನೀಲವ್ವ ಎಲ್ಲ ಕೇಳಿಸಿಕೊಂಡರು. ಅವರ ಮನಸ್ಸು ಹಿಡಿದದ್ದು ಬೇರೆಯೇ ಒಂದು ಮಾತನ್ನು.

“ಹುಡುಗ್ರು ಜ್ವರ ಕೊಟ್ಟಾಕಿಗಿ ಅವ್ವ ಅಂತಾರಂದಿ. ಹಂಗಾದ್ರ ನೀ ನನಗ ಅವ್ವ ಆದಿ, ಆ ಹುಡುಗಿ ಅಜ್ಜಿ ಆದ್ಲು.”

“ಆದ್ಲರಿ.”

“ಅಜ್ಜಿ ಉಪವಾಸ ಬಿದ್ದಾಳ, ಯಾರೂ ಗಂಜಿ ಕೊಟ್ಟಿಲ್ಲ ಅಂತಿ. ನಮ್ಮ ವಂಶಕ್ಕ ಕೆಟ್ಟ ಹೆಸರವ್ವ ಇದು,” ಎಂದು ಹೇಳಿ ಕಣ್ಣು ಮುಚ್ಚಿ ಮಲಗಿದರು.

ಜ್ವರದ ಸಮಿತಿಯ ಸಭೆ ಕುಲಪತಿಗಳ ಕೋಣೆಯಲ್ಲಿ ಸೇರಿತು. ಎಲ್ಲರೂ ದೂರ ದೂರ ಕೂತಿದ್ದರು, ದೇಸಾಯರು ಕರವಸ್ತ್ರ ಹಿಡಿದು ಎರಡು ಸಲ ಸೀನಿದರು. ಅದನ್ನು ಯಾರೂ ನೋಡದವರಂತೆ ಇದ್ದರು.

“ಸರಕಾರದಿಂದ ಕೇಳ್ಯಾರ, ಮೂಲ ಯಾರು ಅಂತ,” ಎಂದು ಕುಲಪತಿಗಳು ಶುರು ಮಾಡಿದರು. “ಹೆಸರು ಬರದ ಕಳಸಿಬಿಡೂಣು. ಮೇಡಮ್ಮಾರದ್ದೂ ತಕರಾರಿಲ್ಲ.”

“ತಕರಾರು ಐತ್ರಿ ಸರ್,” ಎಂದಳು ಸುಗಂಧಾ. “ನಾ ತಪ್ಪು ಬರದಿದ್ನಿ. ಅದನ್ನ ವಾಪಸ್ ತಗೊಂತೀನಿ.”

ತೆರೆಯ ಮೇಲೆ ಹೆಳವನ ಚಿತ್ರ ಹಾಕಿ, ಏಳು ಗೆರೆಗಳು ಹೊರಟ ಜಾಗದಲ್ಲಿ ಬೆಂಚು ಎಂದು ಬರೆದು ತೋರಿಸಿದಳು. ಎಂಟನೆಯ ಗೆರೆಯಲ್ಲಿ ತನ್ನ ಹೆಸರಿರುವುದನ್ನೂ ಅತ್ತೆಯ ಹೆಸರಿರುವುದನ್ನೂ ತೋರಿಸಿದಳು. ಅಧ್ಯಾಪಕಿಯ ಮೂಗಿಗೂ ಕಡ್ಡಿ ಹೋಗಿದ್ದು ಆಗಲೇ ಎಲ್ಲರಿಗೂ ತಿಳಿದದ್ದು.

“ಆಕಿ ಊರಾಗ ಮಲಗಿದ್ಲು ಸರ್. ಅಲ್ಲೇ ಇದ್ದಿದ್ರ ಜ್ವರ ಅಲ್ಲೇ ಇಳೀತಿತ್ತು. ಬಾ ಅಂದಾಕಿ ನಾನು. ಬೆಂಚಿನ ಮ್ಯಾಲ ಕುಂದರಿಸಿದವರು ನಾವೆಲ್ಲಾರು.”

ದೇಸಾಯರಿಗೆ ಇದು ಹಿಡಿಸಲಿಲ್ಲ. “ನಿಯಮ ಸುಮ್ಮನ ಮಾಡಿಲ್ರಿ ಮೇಡಂ. ಹುಡುಗ್ರು ಖೊಟ್ಟಿ ಸರ್ಟಿಫಿಕೇಟ್ ತಂದು ಹಾಜರಿ ತುಂಬಸ್ತಿದ್ರು. ಅದಕ್ಕ ಖುದ್ದಾಗಿ ಬರ್ರಿ ಅಂತ ಮಾಡಿದ್ದು.”

“ಹೌದ್ರಿ ಸರ್. ಖೊಟ್ಟಿ ಜ್ವರ ತಡ್ಯಾಕ ಹೋಗಿ ಖರೆ ಜ್ವರಕ್ಕ ಬಾ ಅಂತ ಕರದ್ವಿ. ಈಗ ಬಂದಾಕಿಗಿ ಶಿಕ್ಷೆ ಕೊಡ್ತೀವಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗಿ ಬರೆ ಅಂತಾರಲ್ಲ, ಅದರಕಿಂತ ಕೆಟ್ಟ ಆತಿದು. ಇಲ್ಲಿ ಬರೆ ತಿಂದ ಎಮ್ಮಿಗೂ ಜ್ವರ ಬಂದಿತ್ತು.”

ಯಾರೋ ಮೂಲೆಯಲ್ಲಿ ನಕ್ಕರು. ಕುಲಪತಿಗಳು ನಗಲಿಲ್ಲ. ಅವರ ಚಿಂತೆ ದೊಡ್ಡದಿತ್ತು. ಹೆಳವನನ್ನು ನೋಡಲು ಮೂರು ವಿಶ್ವವಿದ್ಯಾಲಯದವರು ಬರುವುದಿತ್ತು, ಕಂಪನಿಯೊಂದು ಇಂಥ ಯಂತ್ರಗಳನ್ನು ತಯಾರಿಸುವ ಮಾತಾಡುತ್ತಿತ್ತು. ಅದು ಕಂಡುಹಿಡಿದ ಮೊದಲ ಮೂಲವೇ ಹೀಗೆ ಕೈತಪ್ಪಿದರೆ ಹೇಗೆ?

“ಯಂತ್ರ ತಪ್ಪು ಹೇಳ್ತು ಅಂತೀರೇನ್ರಿ?”

“ಇಲ್ಲ ಸರ್. ನಾವು ಅರ್ಧಾ ಕೇಳಿದ್ವಿ, ಅದು ಅರ್ಧಾ ಹೇಳ್ತು. ಇನ್ನ ಮ್ಯಾಲ ಮೊಬೈಲಿಗಿ ಹೆಸರು ಕಳಸೂದು ನಿಲ್ಲಸ್ರಿ. ಜಾಗ ಹೇಳೂಣು. ಯಾವ ಕೋಣಿ, ಯಾವ ಬೆಂಚು, ಯಾವ ಕಿಟಕಿ ತೆಗೀಬೇಕು, ಅಷ್ಟ.”

“ಹೆಸರು ಹೇಳದ ಹೆಳವನ್ನ ಯಾರು ಕೇಳ್ತಾರ್ರಿ ಮೇಡಂ? ಕಂಪನಿಯವರು ಬಂದಿದ್ದು ಆ ಹೆಸರಿನ ಸಲುವಾಗಿ.”

ಅದು ನಿಜವೇ ಎಂದು ಸುಗಂಧಾಳಿಗೆ ಗೊತ್ತಿತ್ತು. ತನ್ನ ನಡುಹರೆಯವನ್ನೆಲ್ಲ ತಿಂದ ಯಂತ್ರ ಇನ್ನು ಈ ಪ್ರಯೋಗಾಲಯ ಬಿಟ್ಟು ಎಲ್ಲಿಗೂ ಹೋಗಲಾರದು. ಒಳಗೆ ನೋವಾಯಿತು. ಆದರೆ ಕಿಟಕಿಯಲ್ಲಿ ನಿಂತು “ನೀವ ಬಾ ಅಂದ್ರಿ” ಎಂದ ಹುಡುಗಿಯ ಮುಖದ ಮುಂದೆ ಆ ನೋವು ನಿಲ್ಲಲಿಲ್ಲ.

“ಕೇಳೂದು ಬ್ಯಾಡ ಸರ್,” ಎಂದಳು. “ಸರಕಾರಕ್ಕ ಹೆಸರು ಬೇಕಾದ್ರ ನಂದು ಬರೀರಿ. ಆಕಿದು ಬ್ಯಾಡ.”

ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು. ಹೆಸರು ಬರೆಯುವ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ ಕಡೆಗೆ ‘ಆಡಳಿತ ಭವನದ ಕಾರಿಡಾರ್’ ಎಂದು ಬರೆದರು. ಅನಾರೋಗ್ಯದ ರಜೆಗೆ ಖುದ್ದಾಗಿ ಬರಬೇಕೆಂಬ ನಿಯಮವನ್ನು ತಾತ್ಕಾಲಿಕವಾಗಿ ತಡೆಹಿಡಿದರು. ವಿಶ್ವವಿದ್ಯಾಲಯಗಳಲ್ಲಿ ತಾತ್ಕಾಲಿಕವಾದದ್ದೇ ಬಹುಕಾಲ ಬಾಳುವುದರಿಂದ ಸುಗಂಧಾ ಅದಕ್ಕೆ ಒಪ್ಪಿದಳು. ಕಸ್ತೂರಿಯ ಮೇಲಿನ ಆದೇಶ ರದ್ದಾಯಿತು. ದೇಸಾಯರ ಕಚೇರಿಯಲ್ಲಿ ಕೂಡಲೇ ಹೊಸ ಆದೇಶ ತಯಾರಾಗಿ, ಮೊಹರು ಬಿದ್ದು, ಓದಲೆಂದು ಸುಗಂಧಾಳ ಕೈಗೆ ಬಂತು. ಪರೀಕ್ಷೆಗೆ ಕೂರಬಹುದು, ಹಾಸ್ಟೆಲಿನಲ್ಲಿ ಇರಬಹುದು. ಕೊನೆಯ ಸಾಲು ಹೀಗಿತ್ತು: ಸದರಿ ವಿದ್ಯಾರ್ಥಿನಿಯು ಖುದ್ದಾಗಿ ಹಾಜರಾಗಿ ಈ ಆದೇಶದ ಪ್ರತಿಯನ್ನು ಸಹಿ ಮಾಡಿ ಪಡೆಯತಕ್ಕದ್ದು.

ಸುಗಂಧಾ ಅದನ್ನು ಎರಡು ಸಲ ಓದಿದಳು. ಕಾಗದ ತಂದ ಗುಮಾಸ್ತನ ಮುಖ ನೋಡಿದಳು. ಅವನಿಗೆ ಏನೂ ಅನಿಸಿದಂತೆ ಕಾಣಲಿಲ್ಲ. ಎಲ್ಲ ಆದೇಶಗಳ ಕೆಳಗೂ ಇರುವ ಸಾಲು ಅದು. ಅವಳು ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಎದ್ದಳು.

ಮನೆಗೆ ಹೋಗಿ ಅಕ್ಕಿಯ ಗಂಜಿ ಮಾಡಿದಳು, ಜೀರಿಗೆ ಹಾಕಿ, ತೆಳ್ಳಗೆ. ಡಬ್ಬಿಯಲ್ಲಿ ತುಂಬಿಕೊಂಡು ಅತಿಥಿಗೃಹಕ್ಕೆ ನಡೆದಳು. ಬೇವಿನ ಗಿಡದ ಕೆಳಗೆ ನಿಂತು ಕರೆದಾಗ ಕಸ್ತೂರಿ ಓಡುತ್ತಲೇ ಕಿಟಕಿಗೆ ಬಂದಳು. ಕೆದರಿದ ಕೂದಲು, ಕೈಯಲ್ಲಿ ಮಡಚಿದ ಬಟ್ಟೆ. ಹಾಸಿಗೆಯ ಮೇಲೆ ಚೀಲ ಅರ್ಧ ತುಂಬಿತ್ತು.

“ಸಾಯಂಕಾಲ ಬಸ್ ಐತ್ರಿ ಮೇಡಂ. ಜ್ವರಾ ಇಳದಾವು. ಖಾಲಿ ಮಾಡ್ತೀನ್ರಿ.”

“ಚೀಲಾ ಬಿಚ್ಚು,” ಎಂದಳು ಸುಗಂಧಾ. “ಆದೇಶ ರದ್ದಾತು. ಪರೀಕ್ಷಾ ಬರೀತಿ. ಇಲ್ಲೇ ಇರ್ತಿ.”

ಕಾಗದವನ್ನು ಕಿಟಕಿಯ ಸರಳುಗಳ ನಡುವೆ ಒಳಗೆ ಚಾಚಿದಳು. ಹುಡುಗಿ ತೆಗೆದುಕೊಂಡು ಓದಿದಳು. ಕೊನೆಯ ಸಾಲಿನವರೆಗೂ ಓದಿದವಳು ತಲೆಯೆತ್ತಿದಾಗ ಮುಖದಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು.

“ಆಫೀಸಿಗಿ ಈಗ ಬರಬೇಕೇನ್ರಿ ಮೇಡಂ?”

“ಬ್ಯಾಡ. ನಾನ ಬಂದೀನಲ್ಲ.”

“ಸಹಿ?”

“ಸಹಿ ಹಾಳಾಗ್ಲಿ. ನಾ ಹೇಳ್ತೀನಿ ಅವರಿಗಿ.” ಸುಗಂಧಾ ಡಬ್ಬಿಯನ್ನು ಸರಳುಗಳ ಸಂದಿಯಿಂದ ತೂರಿಸಿ ಕಿಟಕಿಯ ಒಳಗಟ್ಟೆಯ ಮೇಲಿಟ್ಟಳು. “ಗಂಜಿ. ನಮ್ಮ ಅತ್ತಿ ಕಳಸ್ಯಾರ. ಕೊಟ್ಟವರು ತಗೊಂಡವರಿಗಿ ಒಯ್ಯಬೇಕಂತ ನಿಮ್ಮ ಪದ್ಧತಿ. ನಮ್ಮದು ಉಲ್ಟಾ ಆತು.”

ಕಸ್ತೂರಿ ಕಾಗದವನ್ನೂ ಡಬ್ಬಿಯನ್ನೂ ಎದೆಗೆ ಒತ್ತಿಕೊಂಡು ನಿಂತಳು. ಆಮೇಲೆ ಎಲ್ಲ ಕಟ್ಟು ಒಡೆದಂತೆ ಅಳತೊಡಗಿದಳು. ಸುಗಂಧಾ ಅವಳ ಅಳು ನಿಲ್ಲುವವರೆಗೆ ಅಲ್ಲೇ ನಿಂತಿದ್ದಳು. ನಿಂತಾಗ ಅವಳಿಗೆ ಅನಿಸಿತು, ಆ ದಿನ ಫೋನಿನಲ್ಲಿ ಹೇಳಬೇಕಾಗಿದ್ದದ್ದು ಒಂದೇ ಮಾತು, ಅದನ್ನು ಹೇಳಲು ಯಾವ ಯಂತ್ರವೂ ಬೇಕಿರಲಿಲ್ಲ.

“ಉಣ್ಣು,” ಎಂದಳು. “ಉಂಡು ಮಲ್ಕೊ, ನನ್ನವ್ವಾ. ಎಲ್ಲಿಗೂ ಬರೂದು ಬ್ಯಾಡ.”